ಹೊಸ ಕ್ಯಾಮ್ ಹಾಕ್ತಿದ್ದೀನಿ: ಟಿಡಿಸಿಯಲ್ಲಿ (ಪಿಸ್ಟನ್ ತೀರಾ ಮೇಲಿರುವಾಗ) ವಾಲ್ವ್‌ಗೂ ಪಿಸ್ಟನ್‌ಗೂ 1.90 ಮಿ.ಮೀ. ಗ್ಯಾಪ್ ಇದೆ, ಸಾಕಾ?

ಎಂಟುವಾಲ್ವ್

ಎಲ್ಲರಿಗೂ ನಮಸ್ಕಾರ. ನಾಲ್ಕು ಸಿಲಿಂಡರ್ ಇಂಜಿನ್ ಒಂದನ್ನು ಪೂರ್ತಿ ಬಿಚ್ಚಿ ಕಟ್ಟುತ್ತಿದ್ದೇನೆ. ಹೆಡ್ ಮೇಲೆ ಒಂದೇ ಕ್ಯಾಮ್, ಎಂಟು ವಾಲ್ವ್, ಬಕೆಟ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಬಟ್ಟಲು) ಮತ್ತು ಶಿಮ್, ಟೈಮಿಂಗ್ ಬೆಲ್ಟ್. ಸ್ಟ್ರೋಕ್ 90 ಮಿ.ಮೀ., ಕನೆಕ್ಟಿಂಗ್ ರಾಡ್ 150 ಮಿ.ಮೀ. ವಾಲ್ವ್‌ಗಳು ಓರೆಯಾಗಿಲ್ಲ, ನೆಟ್ಟಗೆ ನಿಂತಿವೆ. ಪಿಸ್ಟನ್ ತಲೆ ಮೇಲೆ ವಾಲ್ವ್‌ಗೆಂದು ಆಳವಿಲ್ಲದ ಕುಳಿಗಳಿವೆ.

ಹೆಡ್ ಬಗ್ಗಿತ್ತು. ಹಾಗಾಗಿ 0.5 ಮಿ.ಮೀ. ಫೇಸಿಂಗ್ (ತಳ ಕೆತ್ತಿ ಸಮ ಮಾಡುವುದು) ಮಾಡಿಸಿದೆ. ಈಗ ಪರ್ಫಾರ್ಮೆನ್ಸ್ ಕ್ಯಾಮ್ ಹಾಕುತ್ತಿದ್ದೇನೆ. ಹಳೆಯದರ ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತದೆ ಅನ್ನೋದು) 9.5 ಮಿ.ಮೀ., ಹೊಸದರದ್ದು 11 ಮಿ.ಮೀ. ಡ್ಯುರೇಶನ್ನೂ (ವಾಲ್ವ್ ತೆರೆದಿರುವ ಅವಧಿ) ಜಾಸ್ತಿ.

ಲಿಫ್ಟ್ ಒಂದೂವರೆ ಮಿ.ಮೀ. ಜಾಸ್ತಿ ಆಗಿದ್ದಕ್ಕೆ ಭಯ ಆಯಿತು. ಕ್ರ್ಯಾಂಕನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದೆ. ವಾಲ್ವ್ ಪೂರ್ತಿ ತೆರೆದಾಗ ಎಲ್ಲೂ ತಗಲುತ್ತಿಲ್ಲ. ಆಮೇಲೆ ಮೊದಲನೇ ಪಿಸ್ಟನ್ನನ್ನು ಟಿಡಿಸಿಗೆ ತಂದು, ಇನ್‌ಟೇಕ್ ಬಕೆಟ್ ಮೇಲೆ ಡಯಲ್ ಗೇಜ್ ಕೂರಿಸಿ, ವಾಲ್ವ್ ಪಿಸ್ಟನ್‌ಗೆ ತಾಗುವವರೆಗೂ ಕೆಳಗೆ ಒತ್ತಿದೆ. 1.90 ಮಿ.ಮೀ. ಸಿಕ್ಕಿತು. 2 ಮಿ.ಮೀ. ಇರಬೇಕು ಅಂತಾರೆ. ಒಂದು ಕೂದಲೆಳೆಯಷ್ಟು ಕಡಿಮೆ. ಹೀಗೇ ಮುಚ್ಚಿಬಿಡಲಾ?

ಡಿಗ್ರಿಚಕ್ರ

ಮುಚ್ಚಬೇಡಿ. ನೀವು ನೋಡಿರುವ ಎರಡೂ ಜಾಗ ಅಪಾಯದ ಜಾಗ ಅಲ್ಲ.

ಮೊದಲು ಪೂರ್ತಿ ಲಿಫ್ಟ್ ವಿಷಯ. ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವುದು ಟಿಡಿಸಿ ದಾಟಿ ಸುಮಾರು 106 ಡಿಗ್ರಿ ಆದಮೇಲೆ. ನಿಮ್ಮ ಸ್ಟ್ರೋಕ್, ನಿಮ್ಮ ರಾಡ್ ಉದ್ದಕ್ಕೆ ಲೆಕ್ಕ ಹಾಕಿದರೆ ಆ ಹೊತ್ತಿಗೆ ಪಿಸ್ಟನ್ 63 ಮಿ.ಮೀ.ಗಿಂತ ಜಾಸ್ತಿ ಕೆಳಗೆ ಹೋಗಿರುತ್ತದೆ. ವಾಲ್ವ್ 11 ಮಿ.ಮೀ. ಇಳಿದರೂ ಪಿಸ್ಟನ್ ಕೈಗೇ ಸಿಗುವುದಿಲ್ಲ. ಕ್ಯಾಮ್ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಲಿಫ್ಟ್ ನೋಡಿ ಹೆದರುವುದೂ ಬೇಡ, ಧೈರ್ಯ ಮಾಡುವುದೂ ಬೇಡ. ಇಲ್ಲಿ ಬೇಕಾಗಿರುವುದು ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ) ಹೊತ್ತಿನಲ್ಲಿ, ಅಂದರೆ ಟಿಡಿಸಿ ಆಸುಪಾಸಿನಲ್ಲಿ ವಾಲ್ವ್ ಎಷ್ಟು ತೆರೆದಿದೆ ಅನ್ನೋದು. ಅದನ್ನು ತೀರ್ಮಾನಿಸುವುದು ಡ್ಯುರೇಶನ್, ಎರಡು ಲೋಬ್‌ಗಳ (ವಾಲ್ವ್ ಒತ್ತುವ ಕ್ಯಾಮ್ ಉಬ್ಬುಗಳ) ನಡುವಿನ ಕೋನ, ಮತ್ತೆ ಕ್ಯಾಮನ್ನು ನೀವು ಎಷ್ಟು ಡಿಗ್ರಿಗೆ ಕೂರಿಸಿದ್ದೀರಿ ಅನ್ನೋದು. ಎರಡು ಕ್ಯಾಮ್‌ಗಳ ಲಿಫ್ಟ್ ಒಂದೇ ಇದ್ದರೂ ಲೋಬ್ ಕೋನ ಕಿರಿದಾದದ್ದು ಟಿಡಿಸಿಯಲ್ಲಿ ಎರಡೂ ವಾಲ್ವನ್ನು ಜಾಸ್ತಿ ತೆರೆದಿಟ್ಟಿರುತ್ತದೆ.

ಇನ್ನು ಟಿಡಿಸಿಯಲ್ಲಿ ಸಿಕ್ಕ 1.90. ಪಿಸ್ಟನ್ ಮೇಲ್ತುದಿಯಲ್ಲಿ ಬಹಳ ಸೋಮಾರಿ. ನಿಮ್ಮ ಇಂಜಿನ್ನಿನಲ್ಲಿ ಟಿಡಿಸಿಯಿಂದ 5 ಡಿಗ್ರಿ ತಿರುಗಿದರೆ ಪಿಸ್ಟನ್ ಇಳಿಯುವುದು ಬರೀ 0.22 ಮಿ.ಮೀ. 10 ಡಿಗ್ರಿಗೆ 0.89. 15ಕ್ಕೆ 1.99. 20ಕ್ಕೆ 3.51. ಆದರೆ ವಾಲ್ವ್ ಆ ಹೊತ್ತಿಗೆ ಓಡಲು ಶುರು ಮಾಡಿರುತ್ತದೆ. ಮೊದಲ 5 ಡಿಗ್ರಿಯಲ್ಲೇ ಅರ್ಧ ಮಿ.ಮೀ. ಇಳಿದುಬಿಡಬಹುದು. ಅಂದರೆ ಟಿಡಿಸಿ ದಾಟಿದ ಮೇಲೂ ಕೆಲವು ಡಿಗ್ರಿಯವರೆಗೆ ವಾಲ್ವ್ ಪಿಸ್ಟನ್ನಿನ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ. ಆಮೇಲೆ ಪಿಸ್ಟನ್ ವೇಗ ಹಿಡಿದು ತಪ್ಪಿಸಿಕೊಳ್ಳುತ್ತದೆ. ಇನ್‌ಟೇಕ್‌ಗೆ ಅತಿ ಕಡಿಮೆ ಗ್ಯಾಪ್ ಸಿಗುವುದು ಸಾಮಾನ್ಯವಾಗಿ ಟಿಡಿಸಿ ಆದಮೇಲೆ 5ರಿಂದ 15 ಡಿಗ್ರಿ ಒಳಗೆ. ಎಕ್ಸಾಸ್ಟ್‌ಗೆ ಇದೇ ಕಥೆ ಕನ್ನಡಿಯಲ್ಲಿ ನೋಡಿದ ಹಾಗೆ. ಅದು ಮುಚ್ಚಿಕೊಳ್ಳುತ್ತಿರುತ್ತದೆ, ಪಿಸ್ಟನ್ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುತ್ತದೆ, ಟಿಡಿಸಿಗೆ 5ರಿಂದ 15 ಡಿಗ್ರಿ ಮುಂಚೆ ಎರಡೂ ಅತಿ ಹತ್ತಿರ ಬರುತ್ತವೆ.

ಟಿಡಿಸಿಯಲ್ಲೇ 1.90 ಇದ್ದರೆ ನಿಜವಾದ ಕನಿಷ್ಠ ಅದಕ್ಕಿಂತ ಕಡಿಮೆ ಇದೆ ಅಂತಲೇ ಇಟ್ಟುಕೊಳ್ಳಿ. ಎಷ್ಟು ಕಡಿಮೆ ಅನ್ನೋದನ್ನು ಅಳೆಯಬೇಕು.

ಕೆಂಪುಗೆರೆ

ಇಷ್ಟೆಲ್ಲ ಬೇಕಾ? ಕ್ಯಾಮ್ ಜೊತೆ ಬಂದ ಕಾರ್ಡಿನಲ್ಲಿ "ಸ್ಟಾಕ್ ಪಿಸ್ಟನ್‌ಗೆ ನೇರ ಹೊಂದುತ್ತದೆ" ಅಂತ ಬರೆದಿದ್ದರೆ ಹಾಕಬಹುದು ಅಲ್ವಾ? ನಾನು ಎರಡು ಇಂಜಿನ್‌ಗೆ ಹಾಗೇ ಹಾಕಿದ್ದೇನೆ. ಎರಡೂ ಚೆನ್ನಾಗಿ ಓಡುತ್ತಿವೆ.

ಹಳೇಸ್ಪ್ಯಾನರ್

ನಿಮ್ಮ ಎರಡೂ ಇಂಜಿನ್ ಚೆನ್ನಾಗಿರಲಿ. ಆದರೆ ಆ ಕಾರ್ಡ್ ಬರೆದವರಿಗೆ ಈ ಹೆಡ್ಡಿನಿಂದ 0.5 ಮಿ.ಮೀ. ಹೋಗಿದೆ ಅಂತ ಗೊತ್ತಿಲ್ಲ. ಗ್ಯಾಸ್ಕೆಟ್ ಎಷ್ಟು ದಪ್ಪದ್ದು ಹಾಕುತ್ತಾರೆ, ಬ್ಲಾಕಿಗೂ ಹಿಂದೆ ಯಾವಾಗಲಾದರೂ ಫೇಸಿಂಗ್ ಆಗಿದೆಯಾ, ವಾಲ್ವ್ ಸೀಟ್ ಕಡಿದು ಎಷ್ಟು ಒಳಗೆ ಹೋಗಿದೆ, ಅದೂ ಗೊತ್ತಿಲ್ಲ. ಕಾರ್ಡ್ ಹೇಳುವುದು ಫ್ಯಾಕ್ಟರಿ ಅಳತೆಯ ಇಂಜಿನ್ ಬಗ್ಗೆ. ಇವರ ವಾಲ್ವ್ ನೆಟ್ಟಗೆ ಇರುವುದರಿಂದ ಫೇಸಿಂಗ್‌ನಲ್ಲಿ ಹೋದ 0.5 ಪೂರ್ತಿ ಗ್ಯಾಪ್‌ನಿಂದಲೇ ಹೋಗಿದೆ. ವಾಲ್ವ್ 20 ಡಿಗ್ರಿ ಓರೆ ಇದ್ದಿದ್ದರೂ 0.47 ಹೋಗುತ್ತಿತ್ತು. ದೊಡ್ಡ ವ್ಯತ್ಯಾಸ ಏನಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಬಹಳ ಹಿಂದೆ ಒಂದು ಇಂಜಿನ್‌ಗೆ ಕ್ಯಾಮ್ ಹಾಕಿ ಒಂದನೇ ಸಿಲಿಂಡರ್‌ನಲ್ಲಿ ಮಾತ್ರ ಅಳೆದೆ. ಚೆನ್ನಾಗಿ ಬಂತು. ಉಳಿದ ಮೂರೂ ಹಾಗೇ ಇರುತ್ತವೆ ಅಂದುಕೊಂಡೆ. ಇಂಜಿನ್ ಸ್ಟಾರ್ಟ್ ಆಯಿತು, ಐಡಲ್‌ನಲ್ಲಿ ಸದ್ದೇ ಇಲ್ಲ. ಆರ್‌ಪಿಎಂ ಏರಿಸಿದರೆ ಮಾತ್ರ ಒಂದು ಸಣ್ಣ ಟಿಕ್ ಟಿಕ್. ಟ್ಯಾಪೆಟ್ ಗ್ಯಾಪ್ (ಕ್ಯಾಮ್‌ಗೂ ಅದು ಒತ್ತುವ ಭಾಗಕ್ಕೂ ನಡುವಿನ ಸಂದು) ಇರಬೇಕು ಅಂತ ಮೂರು ದಿನ ಅದರ ಹಿಂದೆ ಬಿದ್ದೆ. ಕೊನೆಗೆ ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಶನ್ ಬಿದ್ದುಹೋಯಿತು. ಹೆಡ್ ಎತ್ತಿದರೆ ಮೂರನೇ ಪಿಸ್ಟನ್ ಮೇಲೆ ಮಸಿಯ ನಡುವೆ ಉಗುರಿನಷ್ಟು ಅರ್ಧಚಂದ್ರ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ವಾಲ್ವ್ ಕಾಂಡ ಕಣ್ಣಿಗೆ ನೇರವಾಗೇ ಕಾಣುತ್ತಿತ್ತು. ಗಾಜಿನ ಮೇಲೆ ಉರುಳಿಸಿದಾಗ ತಲೆ ಓಲಾಡಿತು. ಆ ಸಿಲಿಂಡರ್‌ಗೆ ಹಿಂದೆ ಯಾರೋ ಬೇರೆ ಪಿಸ್ಟನ್ ಹಾಕಿದ್ದರು, ಅದರ ಕುಳಿ ಮಿಕ್ಕ ಮೂರಕ್ಕಿಂತ ಮೇಲಿತ್ತು. ಬಿಚ್ಚಿದಾಗ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಅದಕ್ಕೇ ಹೇಳುವುದು, ನಾಲ್ಕೂ ಸಿಲಿಂಡರ್ ಅಳೆಯಿರಿ.

ಎಂಟುವಾಲ್ವ್

ಆಯ್ತು ಸರ್, ಮುಚ್ಚುವುದಿಲ್ಲ. ಕ್ಲೇ ಇಟ್ಟು ನೋಡುವುದು ಒಳ್ಳೆಯದಾ, ಡಯಲ್ ಗೇಜಾ? ಕ್ಲೇ ಯಾವತ್ತೂ ಮಾಡಿಲ್ಲ. ಯಾರಾದರೂ ಬಿಡಿಸಿ ಹೇಳಿ.

ಹಳೇಸ್ಪ್ಯಾನರ್

ಎರಡೂ ಮಾಡಿ. ಒಂದು ಇನ್ನೊಂದಕ್ಕೆ ಸಾಕ್ಷಿ. ಕ್ಲೇ ನಾನು ಹೇಳುತ್ತೇನೆ, ಡಯಲ್ ಅವರು ಹೇಳಲಿ.

ಮಕ್ಕಳು ಆಡುತ್ತಾರಲ್ಲ, ಒಣಗದ ಮೆತ್ತನೆ ಕ್ಲೇ, ಅದೇ ಸಾಕು. ಪಿಸ್ಟನ್ ಕುಳಿಯನ್ನು ಥಿನ್ನರ್‌ನಲ್ಲಿ ಒರೆಸಿ ಒಣಗಿಸಿ. ಎಣ್ಣೆ ಪಸೆ ಇದ್ದರೆ ಕ್ಲೇ ಕೂರುವುದಿಲ್ಲ. ಸುಮಾರು 6 ಮಿ.ಮೀ. ದಪ್ಪದ ಪಟ್ಟಿ ಮಾಡಿ ಎರಡೂ ಕುಳಿಗೆ ಒತ್ತಿ. ಕುಳಿಯ ಅಂಚು ದಾಟಿ ಸ್ವಲ್ಪ ಹೊರಗೂ ಬರಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ವಾಲ್ವ್ ತಲೆಗೆ ಬೆರಳಲ್ಲಿ ಎಣ್ಣೆ ಸವರಿ. ಇಲ್ಲದಿದ್ದರೆ ಅದು ಕ್ಲೇಯನ್ನೇ ಎಳೆದುಕೊಂಡು ಹೋಗುತ್ತದೆ.

ಗ್ಯಾಸ್ಕೆಟ್ ಹೊಸದು ಹಾಕಬೇಡಿ, ಅದು ಹಾಳಾಗುತ್ತದೆ. ಅದೇ ದಪ್ಪದ, ಮೊದಲೇ ಒತ್ತಿಹೋಗಿರುವ ಹಳೇ ಗ್ಯಾಸ್ಕೆಟ್ ಹಾಕಿ. ಹಳೆಯದು ಇಲ್ಲ ಅಂದರೆ ಗ್ಯಾಸ್ಕೆಟ್ ಇಲ್ಲದೇ ಅಳೆದು, ಒತ್ತಿದ ಮೇಲೆ ಇರುವ ದಪ್ಪವನ್ನು ಆಮೇಲೆ ಕೂಡಿಸಬಹುದು. ಆದರೆ ಗ್ಯಾಪ್ ಮೊದಲೇ ಕಡಿಮೆ ಇರುವ ಇಂಜಿನ್‌ನಲ್ಲಿ ಅದನ್ನು ಮಾಡಬೇಡಿ, ತಿರುಗಿಸುವಾಗಲೇ ಲೋಹ ಲೋಹಕ್ಕೆ ತಗಲಬಹುದು. ಹೆಡ್ ಬೋಲ್ಟ್‌ಗಳನ್ನು ಕ್ರಮದಲ್ಲಿ, ಟಾರ್ಕ್ ರೆಂಚ್ ಹಿಡಿದು ಬಿಗಿಯಿರಿ. ಟ್ಯಾಪೆಟ್ ಗ್ಯಾಪ್ ಸರಿಯಾಗಿ ಇರಲಿ. ಬೆಲ್ಟ್ ಹಾಕಿ, ಟೆನ್ಷನರ್ ಬಿಗಿಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟಿರಿ.

ಈಗ ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ, ಪೂರ್ತಿ ಎರಡು ಸುತ್ತು. ಸ್ಟಾರ್ಟರ್ ಮುಟ್ಟಲೇಬೇಡಿ. ಕ್ಲೇ ಒತ್ತುವಾಗ ಕೈಗೆ ಒಂದು ಮೆತ್ತನೆ ತಡೆ ಗೊತ್ತಾಗುತ್ತದೆ, ಹಿಟ್ಟಿಗೆ ಬೆರಳು ಒತ್ತಿದ ಹಾಗೆ. ಅದು ಸರಿ. ಗಟ್ಟಿಯಾಗಿ ಟಕ್ ಅಂತ ನಿಂತರೆ ಅಲ್ಲೇ ನಿಲ್ಲಿಸಿ. ಒಂದು ಚೂರೂ ಬಲ ಹಾಕಬೇಡಿ. ಹಿಂದೆ ತಿರುಗಿಸಿ, ಬಿಚ್ಚಿ ನೋಡಿ.

ಹೆಡ್ ಎತ್ತಿದ ಮೇಲೆ ಕ್ಲೇ ಮೇಲೆ ವಾಲ್ವ್ ಅಚ್ಚು ಒತ್ತಿರುತ್ತದೆ. ಬ್ಲೇಡಿಗೆ ನೀರು ಹಚ್ಚಿ, ಎಲ್ಲಿ ತೆಳ್ಳಗೆ ಕಾಣುತ್ತದೋ ಅಲ್ಲಿ ಅಡ್ಡಕ್ಕೆ ಕೊಯ್ಯಿರಿ. ಒಂದು ಕಡೆ ಅಲ್ಲ, ಮೂರು ನಾಲ್ಕು ಕಡೆ. ಕೊಯ್ದ ಅಂಚಿನಲ್ಲಿ ವರ್ನಿಯರ್ ಬಾಲದ ಕಡ್ಡಿ ಇಟ್ಟು ಅಳೆಯಿರಿ. ವರ್ನಿಯರ್ ಬಾಯಲ್ಲಿ ಹಿಡಿಯಬೇಡಿ, ಕ್ಲೇ ಹಿಚುಕಿಹೋಗಿ ಅಳತೆ ತಪ್ಪುತ್ತದೆ.

ಕುಳಿ ಅಂಚಿನಿಂದ ಹೊರಗೂ ಕ್ಲೇ ಬರಲಿ ಅಂದೆನಲ್ಲ, ಅದು ಪಕ್ಕದ ಗ್ಯಾಪ್ ನೋಡುವುದಕ್ಕೆ. ವಾಲ್ವ್ ಅಂಚಿಗೂ ಕುಳಿಯ ಗೋಡೆಗೂ ನಡುವೆ 1.3ರಿಂದ 1.5 ಮಿ.ಮೀ. ಇರಬೇಕು. ದೊಡ್ಡ ವಾಲ್ವ್ ಹಾಕಿದವರು ಇದನ್ನು ಮರೆಯಲೇಬಾರದು. ಆಳ ಚೆನ್ನಾಗಿದ್ದೂ ಪಕ್ಕದಲ್ಲಿ ಉಜ್ಜಿಕೊಂಡ ಪಿಸ್ಟನ್ ನೋಡಿದ್ದೇನೆ.

ಪುಶ್‌ರಾಡ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹೈಡ್ರಾಲಿಕ್ ಲಿಫ್ಟರ್ (ಎಣ್ಣೆ ಒತ್ತಡದಲ್ಲಿ ಟ್ಯಾಪೆಟ್ ಗ್ಯಾಪ್ ತಾನೇ ಸರಿ ಮಾಡಿಕೊಳ್ಳುವಂಥದ್ದು) ಇಂಜಿನ್. ಕ್ಲೇ ಇಟ್ಟು ನೋಡಿದೆ, 3.4 ಮಿ.ಮೀ. ಬಂತು. ಬಹಳ ಚೆನ್ನಾಗಿದೆ ಅಂತ ಖುಷಿಯಲ್ಲಿದ್ದೆ. ಈಗ ಇದನ್ನೆಲ್ಲ ಓದಿ ಅನುಮಾನ ಶುರುವಾಗಿದೆ.

ಡಿಗ್ರಿಚಕ್ರ

ಅನುಮಾನ ಸರಿಯಾಗೇ ಬಂದಿದೆ. ಇಂಜಿನ್ ನಿಂತಿರುವಾಗ ಹೈಡ್ರಾಲಿಕ್ ಲಿಫ್ಟರ್ ಒಳಗೆ ಎಣ್ಣೆ ಒತ್ತಡ ಇರುವುದಿಲ್ಲ. ಬಿಗಿಯಾದ ಸ್ಪ್ರಿಂಗ್ ಅದನ್ನು ಕುಗ್ಗಿಸಿಬಿಡುತ್ತದೆ. ಕ್ಯಾಮ್ ಎತ್ತಿದಷ್ಟು ವಾಲ್ವ್ ತೆರೆಯುವುದೇ ಇಲ್ಲ, ಕ್ಲೇ ದಪ್ಪವಾಗಿ ಉಳಿಯುತ್ತದೆ. ನಿಮ್ಮ 3.4ರಲ್ಲಿ ನಿಜ ಎಷ್ಟು, ಲಿಫ್ಟರ್ ಕುಗ್ಗಿದ್ದು ಎಷ್ಟು ಅಂತ ಈಗ ಬೇರ್ಪಡಿಸಲು ಆಗುವುದಿಲ್ಲ. ಎರಡು ದಾರಿ ಇದೆ. ಅದೇ ಎತ್ತರದ ಗಟ್ಟಿ ಲಿಫ್ಟರ್ ಎರಡು ತಂದು ಒಂದು ಸಿಲಿಂಡರ್ ಆದಮೇಲೆ ಒಂದಕ್ಕೆ ಹಾಕುತ್ತಾ ಅಳೆಯುವುದು. ಅಥವಾ ವಾಲ್ವ್ ಸ್ಪ್ರಿಂಗ್ ತೆಗೆದು ಕೈಯಲ್ಲಿ ಒತ್ತಲು ಬರುವಂಥ ಮೆತ್ತನೆ ಸ್ಪ್ರಿಂಗ್ ಹಾಕುವುದು. ಅಷ್ಟು ಮೆತ್ತನೆಯದಕ್ಕೆ ಲಿಫ್ಟರ್ ಕುಗ್ಗುವುದಿಲ್ಲ. ಮತ್ತೆ ರಾಕರ್ ಅನುಪಾತ 1.5ರಿಂದ 1.6 ಮಾಡಿದ್ದರೆ ಹೇಳಿ, ಟಿಡಿಸಿಯಲ್ಲಿ ಇರುವ ಲಿಫ್ಟೂ ಅದೇ ಲೆಕ್ಕದಲ್ಲಿ ಏರುತ್ತದೆ.

ಈಗ ಎಂಟುವಾಲ್ವ್ ಅವರಿಗೆ ಡಯಲ್ ದಾರಿ. ಬಕೆಟ್ ಇಂಜಿನ್‌ನಲ್ಲಿ ಕ್ಯಾಮ್ ಕೂತಿರುವಾಗ ಬಕೆಟನ್ನು ಒತ್ತಿ ಅಳೆಯುವುದು ಕಷ್ಟ, ಕೈ ಜಾರುತ್ತದೆ. ನಾನು ಮಾಡುವುದು ಹೀಗೆ: ಎರಡು ಪಟ್ಟಿ ಬೇರೆ ಬೇರೆ ತೆಗೆದು ಕಳೆಯುವುದು.

ಮೊದಲು ನಿಜವಾದ ಟಿಡಿಸಿ ಹುಡುಕಿ. ಪುಲ್ಲಿ ಮೇಲಿನ ಗುರುತನ್ನು ನಂಬಬೇಡಿ. ಬರೀ ಡಯಲ್ ಇಟ್ಟು ಪಿಸ್ಟನ್ ತುದಿ ನೋಡಿದರೂ ಸಾಲದು. 5 ಡಿಗ್ರಿಗೆ 0.22 ಮಾತ್ರ ಇಳಿಯುವ ಕಡೆ ಮುಳ್ಳು ಎಲ್ಲಿ ನಿಂತಿತು ಅಂತ ಹೇಳಲು ಆಗಲ್ಲ. ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಒಂದು ದಿಕ್ಕಿನಲ್ಲಿ ತಗಲುವವರೆಗೆ ತಿರುಗಿಸಿ ಡಿಗ್ರಿ ಚಕ್ರ (ಕ್ರ್ಯಾಂಕಿಗೆ ಹಾಕುವ, ಡಿಗ್ರಿ ಬರೆದ ತಟ್ಟೆ) ಓದಿ, ಇನ್ನೊಂದು ದಿಕ್ಕಿನಲ್ಲಿ ತಗಲುವವರೆಗೆ ತಿರುಗಿಸಿ ಮತ್ತೆ ಓದಿ. ಎರಡರ ಸರಿಮಧ್ಯವೇ ಟಿಡಿಸಿ.

ಆಮೇಲೆ ಕ್ಯಾಮ್ ತೆಗೆದು ಪಕ್ಕಕ್ಕಿಡಿ. ಹೆಡ್ ಬಿಗಿದೇ ಇರಲಿ, ಸ್ಪ್ರಿಂಗ್ ಮೆತ್ತನೆಯದು ಇರಲಿ. ಟಿಡಿಸಿ, 5, 10, 15, 20 ಡಿಗ್ರಿಯಲ್ಲಿ ನಿಲ್ಲಿಸಿ, ವಾಲ್ವನ್ನು ಸೀಟಿನಿಂದ ಪಿಸ್ಟನ್‌ಗೆ ತಾಗುವವರೆಗೆ ಒತ್ತಿ, ಎಷ್ಟು ಇಳಿಯಿತು ಬರೆದುಕೊಳ್ಳಿ. ಎಕ್ಸಾಸ್ಟ್‌ಗೆ ಟಿಡಿಸಿ ಮುಂಚಿನ ಡಿಗ್ರಿಗಳು. ಇದು ಮೊದಲ ಪಟ್ಟಿ, ಜಾಗ ಎಷ್ಟಿದೆ ಅಂತ. ಆಮೇಲೆ ಕ್ಯಾಮ್ ಮತ್ತು ಬೆಲ್ಟ್ ಹಾಕಿ ಅದೇ ಡಿಗ್ರಿಗಳಲ್ಲಿ ವಾಲ್ವ್ ಎಷ್ಟು ತೆರೆದಿದೆ ಅಂತ ಬರೆದುಕೊಳ್ಳಿ. ಕಳೆದರೆ ಗ್ಯಾಪ್ ಬಂತು. ಡಿಗ್ರಿ ದಾಟಿ ಹೋದರೆ ಸುಮ್ನೆ ಹಿಂದಕ್ಕೆ ತಂದು ನಿಲ್ಲಿಸಬೇಡಿ, ಬೆಲ್ಟ್ ಸಡಿಲ ಸೇರಿಕೊಳ್ಳುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಿನಿಂದಲೇ ಬನ್ನಿ.

ಎಂಟುವಾಲ್ವ್

ಎರಡು ಸಂಜೆ ಹಿಡಿಯಿತು. ಒಂದನೇ ಸಿಲಿಂಡರ್ ಅಳತೆ ಹಾಕುತ್ತಿದ್ದೇನೆ, ಎಲ್ಲವೂ ಮಿ.ಮೀ.ನಲ್ಲಿ.

ಇನ್‌ಟೇಕ್ (ಜಾಗ, ಲಿಫ್ಟ್, ಗ್ಯಾಪ್)
ಟಿಡಿಸಿ: 4.30, 2.40, 1.90
5 ಡಿಗ್ರಿ ಆದಮೇಲೆ: 4.52, 2.98, 1.54
10 ಡಿಗ್ರಿ: 5.19, 3.62, 1.57
15 ಡಿಗ್ರಿ: 6.29, 4.30, 1.99

ಎಕ್ಸಾಸ್ಟ್
ಟಿಡಿಸಿ: 4.60, 1.37, 3.23
5 ಡಿಗ್ರಿ ಮುಂಚೆ: 4.82, 1.79, 3.03
10 ಡಿಗ್ರಿ ಮುಂಚೆ: 5.49, 2.26, 3.23

ಕ್ಲೇ ಕೂಡ ಮಾಡಿದೆ. ಇನ್‌ಟೇಕ್ ಕಡೆ ತೀರಾ ತೆಳ್ಳಗಿರುವ ಜಾಗದಲ್ಲಿ 1.5, ಎಕ್ಸಾಸ್ಟ್‌ನಲ್ಲಿ 3. ಕ್ಲೇ ಕೊಯ್ದು ನೋಡಿದಾಗ ಮೈ ಜುಮ್ಮೆಂದಿತು. 1.90 ಅಂತ ಮುಚ್ಚಿಬಿಡುತ್ತಿದ್ದೆ. ಈಗ ಏನು ಮಾಡಲಿ? ಪಿಸ್ಟನ್ ಕುಳಿಯನ್ನು ಮಷಿನ್‌ನಲ್ಲಿ ಆಳ ಮಾಡಿಸಬೇಕಾ?

ಕೆಂಪುಗೆರೆ

1.5 ಇದ್ದರೂ ಓಡುತ್ತದೆ ಅಂತ ನನ್ನ ಅಭಿಪ್ರಾಯ. ರೇಸ್ ಇಂಜಿನ್‌ಗಳಲ್ಲಿ ಅದಕ್ಕಿಂತ ಕಡಿಮೆ ಇಡುತ್ತಾರೆ.

ಹಳೇಸ್ಪ್ಯಾನರ್

ಇಡುತ್ತಾರೆ, ನಿಜ. ಅವರು ಸ್ಪ್ರಿಂಗ್ ಒತ್ತಡ ಅಳೆದಿರುತ್ತಾರೆ, ಯಾವ ಆರ್‌ಪಿಎಂನಲ್ಲಿ ವಾಲ್ವ್ ಕ್ಯಾಮ್ ಬಿಟ್ಟು ತೇಲುತ್ತದೆ ಅಂತ ಗೊತ್ತಿರುತ್ತದೆ, ಆಗಾಗ ಬಿಚ್ಚಿ ನೋಡುತ್ತಾರೆ. ದಿನಾ ಓಡಿಸುವ ಗಾಡಿಗೆ ಹಳೇ ಲೆಕ್ಕವೇ ಸರಿ. ಸ್ಟೀಲ್ ರಾಡ್ ಇದ್ದರೆ ಇನ್‌ಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5. ಅಲ್ಯೂಮಿನಿಯಂ ರಾಡ್ ಇದ್ದರೆ ಇನ್ನೂ ಜಾಸ್ತಿ, ಅದು ಹೆಚ್ಚು ಹಿಗ್ಗುತ್ತದೆ, ಹೆಚ್ಚು ಎಳೆಯುತ್ತದೆ.

ನಾವು ಅಳೆಯುವುದು ತಣ್ಣಗೆ ನಿಂತ ಇಂಜಿನ್. ಓಡುವಾಗ ರಾಡ್ ಎಳೆದುಕೊಳ್ಳುತ್ತದೆ, ಬೇರಿಂಗ್ ಸಂದು ಒಂದು ಕಡೆಗೆ ಸೇರುತ್ತದೆ, ಪಿಸ್ಟನ್ ಸ್ವಲ್ಪ ವಾಲುತ್ತದೆ, ಬೆಲ್ಟ್ ಅದುರುತ್ತದೆ. ಎಕ್ಸಾಸ್ಟ್‌ಗೆ ಜಾಸ್ತಿ ಕೇಳುವುದಕ್ಕೂ ಕಾರಣ ಇದೆ. ಅದು ಕೆಂಪಗೆ ಕಾದು ಉದ್ದವಾಗುತ್ತದೆ. ಅದಕ್ಕಿಂತ ಮುಖ್ಯ, ಅದು ಮುಚ್ಚುವ ಹೊತ್ತಿನಲ್ಲಿ ಅದನ್ನು ಮೇಲಕ್ಕೆ ಎಳೆಯುವುದು ಬರೀ ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ವಾಲ್ವ್ ಹಿಂದೆ ಬೀಳುತ್ತದೆ, ಪಿಸ್ಟನ್ ಮಾತ್ರ ನಿಲ್ಲುವುದಿಲ್ಲ, ಬಂದು ಗುದ್ದುತ್ತದೆ. ಒಂದು ಸಲ ಗೇರ್ ತಪ್ಪಿ ಬಿದ್ದು ಆರ್‌ಪಿಎಂ ಮಿತಿ ದಾಟಿದರೆ ಸಾಕು.

ಡಿಗ್ರಿಚಕ್ರ

ಎಂಟುವಾಲ್ವ್, ಪಿಸ್ಟನ್ ಮುಟ್ಟಬೇಡಿ. ನಿಮ್ಮ ಅಳತೆಯಲ್ಲೇ ಉತ್ತರ ಇದೆ ಅನ್ನಿಸುತ್ತಿದೆ. ಇನ್‌ಟೇಕ್ 1.54, ಎಕ್ಸಾಸ್ಟ್ 3.03. ಒಂದು ಕಡೆ ಬಡತನ, ಇನ್ನೊಂದು ಕಡೆ ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಜಾಸ್ತಿ. ಕ್ಯಾಮ್ ಮುಂದೆ ಕೂತಿದ್ದರೆ ಹೀಗೇ ಆಗುತ್ತದೆ. ಮುಂದೆ ತಂದಷ್ಟೂ ಇನ್‌ಟೇಕ್ ಬೇಗ ತೆರೆದು ಪಿಸ್ಟನ್ ಹತ್ತಿರ ಹೋಗುತ್ತದೆ, ಎಕ್ಸಾಸ್ಟ್ ಬೇಗ ಮುಚ್ಚಿ ದೂರ ಸರಿಯುತ್ತದೆ. ಹಿಂದೆ ತಂದರೆ ಇದರ ಉಲ್ಟಾ.

ನಿಮ್ಮ ಕಾರ್ಡಿನಲ್ಲಿ ಇನ್‌ಟೇಕ್ ಸೆಂಟರ್‌ಲೈನ್ (ಪೂರ್ತಿ ಲಿಫ್ಟ್ ಆಗುವ ಡಿಗ್ರಿ) ಎಷ್ಟಿದೆ? ನೀವು ಅಳೆದಿದ್ದು ಎಷ್ಟು ಬಂತು? ಅಳೆದಿಲ್ಲ ಅಂದರೆ ಹೀಗೆ ಮಾಡಿ: ಪೂರ್ತಿ ಲಿಫ್ಟ್‌ನಲ್ಲಿ ಡಯಲ್ ಸೊನ್ನೆ ಮಾಡಿ, ತೆರೆಯುವ ಕಡೆ 1.25 ಮಿ.ಮೀ. ಕೆಳಗಿರುವಾಗ ಒಂದು ಡಿಗ್ರಿ ಓದಿ, ಮುಚ್ಚುವ ಕಡೆ ಅಷ್ಟೇ ಕೆಳಗಿರುವಾಗ ಇನ್ನೊಂದು ಓದಿ. ಕೂಡಿಸಿ ಎರಡರಿಂದ ಭಾಗಿಸಿ. ಲೋಬ್‌ನ ಎರಡು ಬದಿ ಒಂದೇ ಆಕಾರ ಇಲ್ಲದಿದ್ದರೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಅಂಥ ಕ್ಯಾಮ್‌ಗೆ ಕಾರ್ಡಿನಲ್ಲಿ ಕೊಟ್ಟಿರುವ ತೆರೆಯುವ, ಮುಚ್ಚುವ ಡಿಗ್ರಿಗಳನ್ನೇ ಹಿಡಿಯಬೇಕು.

ಎಂಟುವಾಲ್ವ್

ಕಾರ್ಡಿನಲ್ಲಿ 106. ನಾನು ಓದಿದ್ದು 64 ಮತ್ತು 140. ಅಂದರೆ 102. ನಾಲ್ಕು ಡಿಗ್ರಿ ಮುಂದೆ ಇದೆ!

ಯಾಕೆ ಅಂತಲೂ ಗೊತ್ತಾಯಿತು. ಹೆಡ್ ಫೇಸಿಂಗ್ ಮಾಡಿಸಿದರೆ ಕ್ಯಾಮ್ ಎರಡು ಮೂರು ಡಿಗ್ರಿ ಹಿಂದೆ ಬೀಳುತ್ತದೆ ಅಂತ ಕೇಳಿದ್ದೆ. ಅಡ್ಜಸ್ಟ್ ಆಗುವ ಪುಲ್ಲಿ ಇದೆಯಲ್ಲ, ಅದನ್ನು ಎರಡೂವರೆ ಗೆರೆ ಮುಂದೆ ಇಟ್ಟಿದ್ದೆ. ಅದನ್ನು ಮೊದಲೇ ಇಲ್ಲಿ ಹೇಳಬೇಕಿತ್ತು, ಮುಖ್ಯ ಅನ್ನಿಸಿರಲಿಲ್ಲ.

ಶಿಮ್‌ಪೆಟ್ಟಿಗೆ

ಇದರಲ್ಲಿ ಎರಡು ಗಂಟು ಸೇರಿಕೊಂಡಿವೆ. ಬಿಡಿಸುತ್ತೇನೆ, ಇದೇ ತಪ್ಪು ಬಹಳ ಜನ ಮಾಡುತ್ತಾರೆ.

ಹೆಡ್ ತಗ್ಗಿದರೆ ಕ್ಯಾಮ್ ಹಿಂದೆ ಬೀಳುವುದು ನಿಜ. ಕ್ಯಾಮ್ ಪುಲ್ಲಿ ಕ್ರ್ಯಾಂಕಿಗೆ 0.5 ಮಿ.ಮೀ. ಹತ್ತಿರ ಬಂತು. ಎಳೆಯುವ ಕಡೆಯ ಬೆಲ್ಟ್ ಅಷ್ಟು ಉದ್ದ ಆಯಿತು. ಟೆನ್ಷನರ್ ಇನ್ನೊಂದು ಕಡೆಯಿಂದ ಅದನ್ನು ಎಳೆದುಕೊಂಡಾಗ ಪುಲ್ಲಿ 0.5 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಪುಲ್ಲಿಯ ತ್ರಿಜ್ಯ 50 ಮಿ.ಮೀ. ಅಂತ ಇಟ್ಟುಕೊಂಡರೆ ಅದು ಕ್ಯಾಮ್‌ನಲ್ಲಿ ಅರ್ಧ ಡಿಗ್ರಿ ಚಿಲ್ಲರೆ. ಕ್ರ್ಯಾಂಕ್ ಲೆಕ್ಕದಲ್ಲಿ ಒಂದು ಡಿಗ್ರಿ ಚಿಲ್ಲರೆ. ಎರಡು ಮೂರು ಅಲ್ಲ.

ಎರಡನೇ ಗಂಟು ಗೆರೆಗಳದ್ದು. ಕ್ಯಾಮ್ ಒಂದು ಸುತ್ತು ಸುತ್ತುವಾಗ ಕ್ರ್ಯಾಂಕ್ ಎರಡು ಸುತ್ತುತ್ತದೆ. ನಿಮ್ಮ ಪುಲ್ಲಿ ಮೇಲಿನ ಗೆರೆ ಕ್ಯಾಮ್ ಡಿಗ್ರಿ ಆಗಿದ್ದರೆ ಎರಡೂವರೆ ಗೆರೆ ಅಂದರೆ ಕ್ರ್ಯಾಂಕಿನ ಐದು ಡಿಗ್ರಿ. ಐದರಲ್ಲಿ ಫೇಸಿಂಗ್ ತಿಂದ ಒಂದು ಕಳೆಯಿರಿ. ನಾಲ್ಕು. ನಿಮಗೆ ಸಿಕ್ಕಿದ್ದೂ ನಾಲ್ಕೇ. ಕೆಲವು ಪುಲ್ಲಿಯಲ್ಲಿ ಕ್ರ್ಯಾಂಕ್ ಡಿಗ್ರಿಯನ್ನೇ ಕೊರೆದಿರುತ್ತಾರೆ. ಅದಕ್ಕೇ ಗೆರೆ ಎಣಿಸಿ ನಂಬಬಾರದು, ಡಿಗ್ರಿ ಚಕ್ರದಲ್ಲಿ ನೋಡಲೇಬೇಕು.

ಎರಡು ಗೆರೆ ಹಿಂದೆ ತನ್ನಿ. ಅರ್ಧ ಗೆರೆ ಇರಲಿ, ಅದು ಫೇಸಿಂಗ್‌ಗೆ ಬೇಕಾದ್ದು.

ಇನ್ನೊಂದು ಮಾತು. ಬೆಲ್ಟ್ ಹಲ್ಲು ಎಣಿಸಿ ಹಾಕಿ. ಕ್ರ್ಯಾಂಕ್ ಪುಲ್ಲಿಯಲ್ಲಿ 20 ಹಲ್ಲಿದ್ದರೆ ಒಂದೇ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನಲ್ಲಿ 18 ಡಿಗ್ರಿ ಹೋಯಿತು. ನಾಲ್ಕು ಡಿಗ್ರಿಗೇ ಸುಮಾರು ಅರ್ಧ ಮಿ.ಮೀ. ತಿಂದಿದೆ ಅಂದರೆ 18ಕ್ಕೆ ಏನಾಗುತ್ತದೆ ನೋಡಿ.

ಪುಶ್‌ರಾಡ್

ಒಂದು ವೇಳೆ ಟೈಮಿಂಗ್ ಸರಿ ಇದ್ದೂ ಗ್ಯಾಪ್ ಕಡಿಮೆ ಬಂದಿದ್ದರೆ? ದಪ್ಪ ಗ್ಯಾಸ್ಕೆಟ್ ಹಾಕಬಹುದಾ?

ಹಳೇಸ್ಪ್ಯಾನರ್

ಹಾಕಬಹುದು. ನನಗೆ ಇಷ್ಟ ಇಲ್ಲ. ಗ್ಯಾಸ್ಕೆಟ್ ಅರ್ಧ ಮಿ.ಮೀ. ದಪ್ಪ ಆದರೆ ಪಿಸ್ಟನ್‌ನ ಸಮತಟ್ಟು ಭಾಗಕ್ಕೂ ಹೆಡ್ಡಿಗೂ ನಡುವಿನ ಸಂದೂ ಅಷ್ಟೇ ಹೆಚ್ಚುತ್ತದೆ. ಅದು 1 ಮಿ.ಮೀ. ಆಸುಪಾಸು ಇದ್ದಾಗ ಮಿಶ್ರಣ ಚೆನ್ನಾಗಿ ಹಿಂಡಿ ಕಲಕುತ್ತದೆ, ಇಂಜಿನ್ ನಾಕ್ ಮಾಡುವುದು (ಮಿಶ್ರಣ ತಾನೇ ಹೊತ್ತಿ ಬಡಿಯುವುದು) ಕಡಿಮೆ. 1.5 ಆದರೆ ಆ ಲಾಭ ಹೋಗುತ್ತದೆ. ಕಂಪ್ರೆಶನ್ನೂ ಇಳಿಯುತ್ತದೆ.

ಕುಳಿ ಆಳ ಮಾಡಿಸುವುದು ಸರಿಯಾದ ದಾರಿ, ಆದರೆ ಪಿಸ್ಟನ್ ತಲೆ ಎಷ್ಟು ದಪ್ಪ ಇದೆ ಅಂತ ಅಳೆದ ಮೇಲೆ ಮಾತ್ರ. ಕುಳಿಯ ಕೆಳಗೆ ಎಷ್ಟು ಲೋಹ ಉಳಿಯುತ್ತದೆ, ಮೇಲಿನ ರಿಂಗ್ ಕೂರುವ ತೋಡಿಗೆ ಎಷ್ಟು ಹತ್ತಿರ ಹೋಗುತ್ತದೆ, ಎರಡೂ ನೋಡಬೇಕು. ಕುಳಿಯ ನಡುಬಿಂದು ಗುರುತು ಮಾಡಲು ನಾನು ಒಂದು ಹಳೇ ವಾಲ್ವ್ ಇಟ್ಟುಕೊಂಡಿದ್ದೇನೆ. ತಲೆ ಕತ್ತರಿಸಿ, ಕಾಂಡದ ತುದಿ ಚೂಪು ಮಾಡಿದ್ದೇನೆ. ಹೆಡ್ ಬಿಗಿದು, ಪಿಸ್ಟನ್ ಟಿಡಿಸಿಗೆ ತಂದು, ಅದನ್ನು ಗೈಡ್ ಒಳಗಿಂದ ಇಳಿಸಿ ಮೇಲಿಂದ ಒಂದು ಮೆಲ್ಲನೆ ತಟ್ಟು. ಪಿಸ್ಟನ್ ಮೇಲೆ ಚುಕ್ಕಿ ಬೀಳುತ್ತದೆ. ನೆಟ್ಟಗಿನ ವಾಲ್ವ್‌ಗೆ ಅದೇ ನಡು. ಅಲ್ಲಿಂದ ಕೈವಾರದಲ್ಲಿ ವೃತ್ತ ಎಳೆಯಿರಿ. ಕೆಲಸ ಮುಗಿದ ಮೇಲೆ ಅಂಚುಗಳನ್ನು ಉಜ್ಜಿ ನುಣುಪು ಮಾಡಿ. ಚೂಪು ಅಂಚು ಕೆಂಡದ ಹಾಗೆ ಕಾಯುತ್ತದೆ, ಅಲ್ಲಿಂದಲೇ ನಾಕ್ ಶುರುವಾಗುತ್ತದೆ. ನಾಲ್ಕೂ ಪಿಸ್ಟನ್ ತೂಗಿ.

ಶಿಮ್‌ಪೆಟ್ಟಿಗೆ

ಕ್ಯಾಮ್ ತಾನೇ ಮುಂದೆ ಹಿಂದೆ ಸರಿಯುವ ವೇರಿಯಬಲ್ ಟೈಮಿಂಗ್ ಇಂಜಿನ್ ಇರುವವರಿಗೆ ಒಂದು ಮಾತು. ನಿಂತ ಜಾಗದಲ್ಲಿ ಅಳೆದರೆ ಪ್ರಯೋಜನ ಇಲ್ಲ. ಇನ್‌ಟೇಕ್ ಪೂರ್ತಿ ಮುಂದೆ ಹೋದಾಗ, ಎಕ್ಸಾಸ್ಟ್ ಪೂರ್ತಿ ಹಿಂದೆ ಬಂದಾಗ ಅಳೆಯಬೇಕು. ಎರಡು ಕ್ಯಾಮ್ ಇದ್ದು ವಾಲ್ವ್‌ಗಳು ಒಂದಕ್ಕೊಂದು ವಾಲಿಕೊಂಡಿದ್ದರೆ ಇನ್‌ಟೇಕ್ ಎಕ್ಸಾಸ್ಟ್‌ಗೇ ತಗಲಬಹುದು, ಅದನ್ನೂ ನೋಡಿ.

ಎಂಟುವಾಲ್ವ್

ಎರಡು ಗೆರೆ ಹಿಂದೆ ತಂದೆ. ಈಗ 68 ಮತ್ತು 144, ಅಂದರೆ ಸರಿಯಾಗಿ 106. ಮತ್ತೆ ಪೂರ್ತಿ ಅಳೆದೆ.

ಇನ್‌ಟೇಕ್: ಟಿಡಿಸಿ 2.30, 5 ಡಿಗ್ರಿಗೆ 2.02, 10ಕ್ಕೆ 2.09, 15ಕ್ಕೆ 2.54.
ಎಕ್ಸಾಸ್ಟ್: ಟಿಡಿಸಿ 2.90, 5 ಡಿಗ್ರಿ ಮುಂಚೆ 2.67, 10ಕ್ಕೆ 2.79, 15ಕ್ಕೆ 3.24.

ನಾಲ್ಕೂ ಸಿಲಿಂಡರ್‌ಗೆ ಕ್ಲೇ ಇಟ್ಟೆ. ಇನ್‌ಟೇಕ್ 2.0ಕ್ಕಿಂತ ಕೆಳಗೆ ಎಲ್ಲೂ ಇಲ್ಲ. ಮೂರನೆಯದು 2.1 ಇದೆ. ಎಕ್ಸಾಸ್ಟ್ ಎಲ್ಲವೂ 2.6ಕ್ಕಿಂತ ಮೇಲೆ. ಪಕ್ಕದ ಗ್ಯಾಪ್ 1.6. ಕೊಯ್ದ ಕ್ಲೇ ತುಂಡುಗಳನ್ನು ಸಿಲಿಂಡರ್ ನಂಬರ್ ಬರೆದು ಡಬ್ಬದಲ್ಲಿ ಇಟ್ಟಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಡಿಗ್ರಿಚಕ್ರ

ಬಹಳ ಸಂತೋಷ. ಆದರೆ ಇನ್‌ಟೇಕ್ ಕಡೆ ಉಳಿದಿರುವುದು ಬರೀ 0.02. ಇನ್ನು ಮುಂದೆ ಕಡಿಮೆ ಆರ್‌ಪಿಎಂನಲ್ಲಿ ಪವರ್ ಬೇಕು ಅಂತ ಕ್ಯಾಮ್ ಮುಂದೆ ತರುವ ಆಸೆ ಬಂದರೆ ಈ ಪಟ್ಟಿ ತೆಗೆದು ನೋಡಿ. ಹಿಂದೆ ತರಲು ಮಾತ್ರ ಎಕ್ಸಾಸ್ಟ್ ಕಡೆ ಒಂದೆರಡು ಡಿಗ್ರಿ ಅವಕಾಶ ಇದೆ. ಮುಂದೆ ಯಾವತ್ತಾದರೂ ಹೆಡ್ಡಿಗೆ ಮತ್ತೆ ಫೇಸಿಂಗ್ ಆದರೆ ಇದನ್ನೆಲ್ಲ ಮೊದಲಿಂದ ಮಾಡಬೇಕು.

ಲಿಫ್ಟ್ ಒಂದೂವರೆ ಮಿ.ಮೀ. ಹೆಚ್ಚಾಗಿದ್ದಕ್ಕೆ ನಿಜವಾಗಿ ನೋಡಬೇಕಾದ ಜಾಗ ಬೇರೆ ಇದೆ, ವಾಲ್ವ್ ಸ್ಪ್ರಿಂಗ್. ಪೂರ್ತಿ ಲಿಫ್ಟ್‌ನಲ್ಲಿ ಸ್ಪ್ರಿಂಗ್ ಸುರುಳಿಗಳು ಒಂದರ ಮೇಲೊಂದು ಕೂತುಬಿಡಬಾರದು, ಒಟ್ಟು ಒಂದೂವರೆ ಮಿ.ಮೀ. ಆದರೂ ಸಂದು ಉಳಿಯಬೇಕು. ರಿಟೇನರ್ (ಸ್ಪ್ರಿಂಗ್ ಹಿಡಿಯುವ ಮೇಲಿನ ತಟ್ಟೆ) ಕೆಳಗಿಳಿದು ಗೈಡ್ ಸೀಲಿಗೆ ತಗಲುತ್ತದಾ ಅದನ್ನೂ ನೋಡಿ. ಮೆತ್ತನೆ ಸ್ಪ್ರಿಂಗ್ ತೆಗೆದು ನಿಜವಾದದ್ದು ಹಾಕುವಾಗಲೇ ಇದನ್ನು ಮುಗಿಸಿ.

ಹಳೇಸ್ಪ್ಯಾನರ್

ಹೊಸ ಗ್ಯಾಸ್ಕೆಟ್ ಹಾಕುವ ಮುಂಚೆ ಪಿಸ್ಟನ್ ಅಂಚಿನಲ್ಲಿ, ರಿಂಗಿನ ಮೇಲಿನ ಸಂದಿಯಲ್ಲಿ ಕ್ಲೇ ಚೂರು ಉಳಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ನಾಲ್ಕೂ ಸಿಲಿಂಡರ್.

ಎಂಟುವಾಲ್ವ್

ನೋಡಿದೆ ಸರ್. ನಾಲ್ಕನೆಯದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಇತ್ತು. ಮರದ ಕಡ್ಡಿಯಲ್ಲಿ ತೆಗೆದು ಒರೆಸಿದೆ. ಸ್ಪ್ರಿಂಗ್ ಅಳತೆ ನಾಳೆ ಹಾಕುತ್ತೇನೆ.